ನನ್ನ ಕೈ, ಅವ್ವನ ಹೆಸರು

ನನ್ನ ಮಗಳ ಬಾಯಿ ಮುಚ್ಚುತ್ತಿದ್ದವಳು ನಾನು. ನಮ್ಮ ಅವ್ವ ಅಂತ ಹೇಳಿದೆ. ಶಾಲೆಯ ಟೀಚರಿಗೆ ಹೇಳಿದೆ, ಸ್ಟೆಲ್ಲಾ ಮೇಡಂಗೆ ಹೇಳಿದೆ, ಕೇಳಿದರೆ ಹಾಗೇ ಹೇಳಬೇಕೆಂದು ಆರು ವರ್ಷದ ಮಗಳಿಗೂ ಕಲಿಸಿಕೊಟ್ಟೆ. ಇಷ್ಟು ಬರೆಯುವುದಕ್ಕೆ ಇನ್ನೊಂದು ಆರು ವರ್ಷ ಹಿಡಿಯಿತು — ಇನ್ನು ಮುಂದಿನದು ಸಲೀಸು ಅಂದುಕೊಂಡಿದ್ದೇನೆ, ನೋಡೋಣ.

2003ರ ಮಾತು. ನಾವು ಗುಲ್ಬರ್ಗಾ ಕಡೆಯವರು. ಗಂಡ ಗಾರೆ ಕೆಲಸದ ಮೇಸ್ತ್ರಿ, ಮನೆಗೆ ಬರುವುದು ರಾತ್ರಿ ಊಟದ ಹೊತ್ತಿಗೇ. ಇಂದಿರಾನಗರದಲ್ಲಿ ಬಂಗಲೆಗಳನ್ನು ಒಡೆದು ಆಫೀಸು ಕಟ್ಟುತ್ತಿದ್ದ ಕಾಲ, ಕೆಲಸಕ್ಕೆ ಬರವಿರಲಿಲ್ಲ. ಮರ್ಫಿ ಟೌನಿನಲ್ಲಿ ಮಹಡಿಯ ಮೇಲೆ ಒಂದೇ ಕೋಣೆಯ ಬಾಡಿಗೆ ಮನೆ. ನಾನು ಹಲಸೂರಿನ ಅಂಗಡಿಯೊಂದಕ್ಕೆ ಸೀರೆಗೆ ಫಾಲ್ ಹೊಲಿದುಕೊಡುತ್ತಿದ್ದೆ. ನಲ್ಲಿಯ ಹತ್ತಿರ ಜಗಳವಾಡುತ್ತಲೇ ತಮಿಳು ಕಲಿತಿದ್ದೆ, ಅದೂ ಚೆನ್ನಾಗಿಯೇ. ಅಪ್ಪ ತೀರಿಕೊಂಡ ಮೇಲೆ ಅವ್ವ ಊರು ಬಿಟ್ಟು ನಮ್ಮ ಜೊತೆ ಬಂದು ಒಂದು ವರ್ಷವಾಗಿತ್ತು.

ಅವ್ವನಿಗೆ ಒಂದು ಅಭ್ಯಾಸ. ದೀಪ ಹಚ್ಚುವ ಹೊತ್ತಾಯಿತೆಂದರೆ ಬಾಗಿಲಿಗೆ ಚಿಲಕ, ಕಿಟಕಿಗೆ ಚಿಲಕ, ಮಾತೆಲ್ಲ ಪಿಸುದನಿ. ನಾನು ಚಿಕ್ಕವಳಿದ್ದಾಗ ಆ ಹೊತ್ತಿನಲ್ಲಿ ಜೋರಾಗಿ ನಕ್ಕರೆ ಅವಳ ಅಂಗೈ ನನ್ನ ಬಾಯಿಯ ಮೇಲೆ. ಯಾಕೆ ಅಂತ ನಾನು ಕೇಳಿದವಳಲ್ಲ. ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ ಅಂದುಕೊಂಡೇ ಬೆಳೆದೆ.

ಆದರೆ ಮೊಮ್ಮಗಳ ಮೇಲೆ ಅವ್ವ ಒಮ್ಮೆಯೂ ಕೈ ಇಡಲಿಲ್ಲ. ಚಿಲಕ ಹಾಕಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಸುಮ್ಮನೆ ಬೆವರುತ್ತಿದ್ದಳು. ಕೈ ಇಟ್ಟವಳು ನಾನು. ನನ್ನ ಅಂಬಿಕಾಳದು ಹೊಟ್ಟೆಯಿಂದ ಬರುವ ನಗು, ಕೆಳಗಿನ ಮನೆಯವರಿಗೂ ಕೇಳಿಸುವಂಥದ್ದು. ಸಂಜೆ ಅದು ಶುರುವಾದರೆ ನನ್ನ ಕೈ ತಾನಾಗಿ ಎದ್ದು ಹೋಗಿ ಅವಳ ಬಾಯಿಯನ್ನು ಒತ್ತಿಬಿಡುತ್ತಿತ್ತು. ಹೊಡೆದಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ತಾನಾಗಿ ಅಂತ ಬರೆದೆ, ನೋಡಿ — ಕೈ ನನ್ನದೇ.

ಒಂದನೇ ಕ್ಲಾಸಿನ ಟೀಚರು ಕರೆಸಿದರು. ಹುಡುಗಿ ಹಾಜರಿಗೂ ಬಾಯಿ ಬಿಡುವುದಿಲ್ಲ, ನಗು ಬಂದರೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ ಎಂದರು. "ಮನೇಲಿ ಯಾರಾದ್ರೂ ಬಾಯಿ ಮುಚ್ಚಿಸ್ತಾರೇನ್ರೀ?"

"ನಮ್ಮವ್ವ ರೀ," ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

ಬೆನ್ಸನ್ ಟೌನಿನಲ್ಲಿ ಮಕ್ಕಳ ಮನಸ್ಸಿನ ಸಮಸ್ಯೆ ನೋಡುವ ಸ್ಟೆಲ್ಲಾ ಮೇಡಂ ಇದ್ದಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ, ಹೋಗಿ ಅಂತ ಟೀಚರೇ ಕಳಿಸಿದರು. ಮೇಡಂ ಹುಟ್ಟಿದ್ದು ಬೆಳೆದದ್ದು ಎಲ್ಲಾ ದಂಡಿನಲ್ಲೇ, ಅಂದರೆ ಕಂಟೋನ್ಮೆಂಟಿನಲ್ಲೇ, ಮಾತು ತಮಿಳು ಇಲ್ಲಾ ಇಂಗ್ಲಿಷು. ಕನ್ನಡವೆಂದರೆ ಕಂಡಕ್ಟರಿಗೆ ಹೇಳುವಷ್ಟು. ನಮ್ಮವ್ವನ ಗುಲ್ಬರ್ಗಾ ಮಾತಂತೂ ಒಂದಕ್ಷರ ಹತ್ತದು. ಬೀದಿಯಲ್ಲಿ ತಮಿಳು ಕಲಿತಿದ್ದ ಮಗಳ ಜೊತೆ ಎರಡು ವಾರ ಆಟವಾಡಿ ಮಾತಾಡಿದ ಮೇಲೆ, "ಅಜ್ಜಿಯನ್ನೂ ಕರೆತನ್ನಿ, ನೀವೇ ತಮಿಳಿಗೆ ಹೇಳಿಕೊಡಿ" ಅಂದರು. ಮೊದಲು ಹೆದರಿದೆ, ಮರುಕ್ಷಣವೇ ಧೈರ್ಯವೂ ಬಂತು. ಇಬ್ಬರ ನಡುವೆ ನಾನೊಬ್ಬಳೇ ಅಲ್ಲವೇ?

ಮೊದಲ ದಿನ ಮೇಡಂ ಕೇಳಿದ್ದು, ಮಗು ನಕ್ಕರೆ ಅಜ್ಜಿಗೆ ಯಾಕೆ ಭಯ ಅಂತ. ನಾನು ಅವ್ವನ ಕಡೆ ತಿರುಗಿದೆ.

"ಮೊಣಕಾಲು ನೋಯ್ತಾವೇನು ಅಂತ ಕೇಳ್ತಾರ."

"ಅಯ್ಯ, ಕೇಳಬ್ಯಾಡ ಯವ್ವಾ! ಮೆಟ್ಟಲಾ ಹತ್ತಾಗಂತೂ ಜೀವಾನೇ ಹೋಗ್ತದ!" ಅಂತ ಅವ್ವ ಕಾಲು ನೀವಿಕೊಂಡು ಎಡಗಾಲಿನದ್ದು ಬೇರೆ, ಬಲಗಾಲಿನದ್ದು ಬೇರೆ ಅಂತ ವಿವರಿಸಿದಳು.

"ಹೆಣ್ಣುಮಕ್ಕಳು ಜೋರಾಗಿ ನಗಬಾರದಂತೆ," ಎಂದು ನಾನು ತಮಿಳಿನಲ್ಲಿ ಹೇಳಿದೆ.

ಮೇಡಂ ಪೆನ್ನು ನಿಲ್ಲಿಸಿದರು. ಅಷ್ಟುದ್ದ ಮಾತಾಡಿದ್ದು ಇಷ್ಟೇನಾ ಎಂದು ಕೇಳಿದರು.

"ನಮ್ಮ ಕಡೆ ಭಾಷೆ ಹಾಗೇ ಮೇಡಂ, ಸ್ವಲ್ಪ ಉದ್ದ."

ನಾಲ್ಕು ವಾರ ಹೀಗೇ ನಡೆಯಿತು. ಈಗ ನೆನೆದರೆ ನಗು ಬರುತ್ತದೆ, ನಕ್ಕ ಮೇಲೆ ನಾಚಿಕೆಯಾಗುತ್ತದೆ. ಇನ್ನು ಮೇಲೆ ಮಗುವಿನ ಬಾಯಿ ಮುಚ್ಚಬೇಡಿ ಎಂದು ಮೇಡಂ ಕೈಮುಗಿದು ಕೇಳಿದರೆ, ಅವ್ವ ನೀಲಗಿರಿ ಎಣ್ಣೆಯನ್ನು ಯಾವ ಕಡೆಯಿಂದ ತಿಕ್ಕಬೇಕೆಂದು ಹೇಳುತ್ತಿದ್ದಳು, ನಾನು "ಪ್ರಯತ್ನ ಮಾಡುತ್ತಾರಂತೆ" ಅನ್ನುತ್ತಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಅವ್ವನಿಗೆ ಒಂದೇ ಹೊಗಳಿಕೆ: "ಎಂಥಾ ಛಲೋ ಡಾಕ್ಟರ ಅದಾಳವ್ವ, ಗುಳಿಗಿ ಕೊಡಲಾರದೇ ಬರೇ ಮಾತಿನ್ಯಾಗ ಬ್ಯಾನಿ ಕಮ್ಮಿ ಮಾಡ್ಲಿಕತ್ಯಾಳ."

ಐದನೇ ವಾರ ಮೇಡಂ ನನ್ನ ಕಡೆ ನೋಡಲಿಲ್ಲ. ಅವ್ವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ತಮ್ಮ ಅಂಗೈಯನ್ನು ತಮ್ಮ ಬಾಯಿಗೇ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಯಾಕೆ ಎನ್ನುವಂತೆ ಸನ್ನೆ ಮಾಡಿದರು.

ಅವ್ವ ಕಾಲು ನೀವುವುದನ್ನು ನಿಲ್ಲಿಸಿದಳು. "ಇಕೀಗೆ ಯಾರು ಹೇಳ್ಯಾರ?" ಅಂದಳು. ಆಮೇಲೆ ತಾನೇ ಶುರುಮಾಡಿದಳು — ನನ್ನ ಮೂವತ್ತಮೂರು ವರ್ಷದ ಬದುಕಿನಲ್ಲಿ ಅವಳು ಒಮ್ಮೆಯೂ ಹೇಳದ ಮಾತು.

ನಿಜಾಮನ ಕಾಲದ ರಜಾಕಾರರ ಗಲಾಟೆಯ ವರ್ಷ, 1948. ಅವಳಿಗೆ ಎಂಟು, ತಮ್ಮ ಶರಣಪ್ಪನಿಗೆ ಒಂದು. ಊರಿಗೆ ದಾಳಿ ಬಂತೆಂದು ಸುದ್ದಿಯಾದ ಸಂಜೆ ನನ್ನ ಅಜ್ಜಿ ಇಬ್ಬರು ಮಕ್ಕಳನ್ನೂ ಹಗೇವಿನೊಳಗೆ, ಅಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕುಣಿಯೊಳಗೆ, ಇಳಿಸಿ ಮೇಲೆ ಕಲ್ಲು ಎಳೆದಳು. ತಲೆಯ ಮೇಲೆ ಹೆಜ್ಜೆ ಸಪ್ಪಳ ಕೇಳಿದಾಗಲೇ ಕೂಸು ಅಳುವುದಕ್ಕೆ ಬಾಯಿ ತೆರೆಯಿತು. ಅವ್ವ ಅದರ ಬಾಯಿಗೆ ಕೈ ಒತ್ತಿದಳು. ಸಪ್ಪಳ ನಿಂತ ಮೇಲೆ ಕೈ ತೆಗೆದರೆ ಕೂಸು ಜೋತುಬಿದ್ದಿತ್ತು. ಮೇಲೆತ್ತಿದವರು ಬೆನ್ನಿಗೆ ಬಡಿದಾಗ ಅದು ಉಸಿರೆಳೆದು ಅತ್ತಿತು, ಎಲ್ಲರೂ ಆ ಸಂತೋಷದಲ್ಲೇ ಇದ್ದರು. ತಾನೇ ಕೊಂದೆ ಅಂದುಕೊಂಡು ಕತ್ತಲಲ್ಲಿ ಕೂತಿದ್ದ ಎಂಟು ವರ್ಷದವಳನ್ನು ಯಾರೂ ಕೇಳಲಿಲ್ಲ.

"ತಮ್ಮ ಇವತ್ತಿಗೂ ಜೋರಾಗಿ ನಕ್ಕರ ನನ್ನ ಕೈ ತಾನಾ ಏಳ್ತದ," ಅಂದಳು ಅವ್ವ.

ಇದನ್ನು ನಾನು ಒಂದು ಮಾತೂ ಬಿಡದೆ ತಮಿಳಿಗೆ ಹೇಳಿದೆ. ಆ ಕೋಣೆಯಲ್ಲಿ ನಾನು ಮಾಡಿದ ಮೊದಲ ಪ್ರಾಮಾಣಿಕ ಕೆಲಸ ಅದು. ಮೇಡಂ ಅವ್ವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, ಈ ಕೈ ಒಂದು ಜೀವ ಉಳಿಸಿದೆ ಎಂದು ಹೇಳಿ, ಅಂದಿನಿಂದ ಅದಕ್ಕೆ ವಿಶ್ರಾಂತಿಯೇ ಸಿಕ್ಕಿಲ್ಲ, ಮೊಮ್ಮಗಳ ಮೇಲೆ ಅದು ಹೋದದ್ದೂ ಆ ಭಯದಿಂದಲೇ, ಅದಕ್ಕಾಗಿ ತಮ್ಮನ್ನು ತಾವು ಬೈದುಕೊಳ್ಳಬೇಕಾಗಿಲ್ಲ ಅಂದರು.

ನಾನು ಅಳುತ್ತಿದ್ದೆ. ಅಳುವಿನ ಭರದಲ್ಲಿ ಅದೆಲ್ಲವನ್ನೂ ಇದ್ದ ಹಾಗೇ ಅವ್ವನಿಗೆ ಹೇಳಿಬಿಟ್ಟೆ. ಆಡಿದ ಮೇಲೆ ಗೊತ್ತಾಯಿತು, ಸಿಕ್ಕಿಬಿದ್ದೆ ಅಂತ.

"ಮೊಮ್ಮಗಳಿಗೆ?" ಅಂದಳು ಅವ್ವ. "ನಾ ಅಕೀಗೆ ಏನ ಮಾಡೀನಿ?"

ಆಮೇಲೆ ನನ್ನ ಮುಖ ನೋಡಿದಳು. ಒಂದೇ ಕೋಣೆಯ ಮನೆ, ನನ್ನ ಕೈ ಎಲ್ಲಿ ಹೋಗುತ್ತಿತ್ತೆಂದು ಅವಳು ದಿನವೂ ಕಂಡವಳೇ. ನಾನು ಏನಾದರೂ ಹೇಳಬೇಕಿತ್ತು —

"ಹೂಂ," ಅಂದಳು. "ನಾನೇ ಮಾಡೀನಿ ಅಂತ ಹೇಳು."

ಹೇಳಿದೆ. ಸ್ಪಷ್ಟವಾದ ತಮಿಳಿನಲ್ಲಿ.

ಅಲ್ಲಿಂದ ಮುಂದೆ ನಮ್ಮ ಮನೆಗೆ ಒಳ್ಳೆಯ ದಿನಗಳೇ ಬಂದವು, ಅದನ್ನೂ ಹೇಳಬೇಕು. ಸಂಜೆ ಕಿಟಕಿಯನ್ನು ದಿನಕ್ಕೊಂದಿಷ್ಟು ಹೊತ್ತು ಹೆಚ್ಚಾಗಿ ತೆರೆದಿಡಿ, ಕೈ ಏಳುವ ಹಾಗಾದರೆ ಅದನ್ನು ನಿಮ್ಮ ಎದೆಯ ಮೇಲೇ ಇಟ್ಟು ನಿಧಾನವಾಗಿ ಉಸಿರು ಬಿಡಿ ಅಂತ ಮೇಡಂ ಅವ್ವನಿಗೆ ಕಲಿಸಿದರು. ಒಲೆಯ ಕಡೆ ತಿರುಗಿ ನಿಂತು ನಾನೂ ಕದ್ದು ಅದನ್ನೇ ಮಾಡಿದೆ. ಅವ್ವನಿಗೆ ಕೊಟ್ಟ ಔಷಧಿ ನನಗೂ ನಾಟಿತು. ತಿಂಗಳೊಪ್ಪತ್ತಿನಲ್ಲಿ ನಮ್ಮಿಬ್ಬರ ಕೈಗಳೂ ಹಗುರಾದವು.

ಮೇಡಂ ಹೇಳಿದ್ದರಿಂದಲೇ ಅವ್ವ ಶರಣಪ್ಪ ಮಾಮಾನನ್ನು ಊರಿನಿಂದ ಕರೆಸಿ, ಹಗೇವಿನ ಕಥೆಯನ್ನೆಲ್ಲ ಅವನ ಮುಂದೆ ಹೇಳಿ, ತಲೆ ತಗ್ಗಿಸಿ ಕೂತಳು. ಮಾಮಾ ಊರಿಗೇ ದೊಡ್ಡ ಮಾತುಗಾರ. ಕಣ್ಣೊರೆಸಿಕೊಂಡು, "ಹಂಗಾರ ಇದು ನಿಂದೇ ತಪ್ಪಕ್ಕಾ! ಅವತ್ತ ಮುಚ್ಚಿದ ಬಾಯಿ ತೆರದದ್ದು, ಇವತ್ತಿನತನಾ ಮುಚ್ಚವಲ್ದು ನೋಡು," ಅಂದ. ಅವ್ವ ನಕ್ಕಳು — ಬಾಗಿಲು ತೆರೆದಿತ್ತು, ದೀಪ ಹಚ್ಚಿಯಾಗಿತ್ತು, ಹಲ್ಲು ಕಾಣುವ ಹಾಗೆ ನಕ್ಕಳು. ಅಂಬಿಕಾ ಅವಳಿಗಿಂತ ಜೋರಾಗಿ ನಕ್ಕಳು. ಏನು ಗಲಾಟೆ ಅಂತ ಕೇಳಲು ಮೇಲೆ ಬಂದ ಓನರಮ್ಮನೂ ಕೂತು ಟೀ ಕುಡಿದು ಹೋದರು. ಮರುವರ್ಷ ಶಾಲೆಯಿಂದ ಬಂದ ದೂರೇ ಬೇರೆ: ಹುಡುಗಿ ಬಾಯಿ ಮುಚ್ಚುವುದೇ ಇಲ್ಲ!

ಆದರೆ ಬಂದು ಹೋದವರೆದುರು ನನ್ನ ಗಂಡ ಅಭಿಮಾನದಿಂದ ಹೇಳುತ್ತಾನೆ, "ಮೊದಲು ನಮ್ಮತ್ತಿ ಕೂಸಿನ ಬಾಯಿ ಮುಚ್ಚತಿದ್ಳು, ಈಗ ಭಾಳ ಸುಧಾರಿಸ್ಯಾಳ." ಅವ್ವ ಹೌದೆಂದು ತಲೆಯಾಡಿಸುತ್ತಾಳೆ. ನಾನು ಪಾತ್ರೆಯೊಳಗೆ ಇಣುಕಿ ನೋಡುತ್ತೇನೆ, ಸಾರು ಕುದಿಯಿತೇನೋ ಅಂತ.

ಹೋದ ವಾರವೂ ಹೇಳಿದ. ಅಂಬಿಕಾಗೆ ಈಗ ಹನ್ನೆರಡು. ಆಡುತ್ತಿದ್ದ ಮಾತು ನಿಲ್ಲಿಸಿ ನನ್ನ ಕಡೆ ತಿರುಗಿ ನೋಡಿದಳು. ತಾರಸಿಯ ಮೇಲೆ ಒಣಗಿದ ಬಟ್ಟೆ ಮಡಚುವಾಗ ನಾನೇ ಬಾಯಿ ಬಿಟ್ಟೆ, ಆ ಕೈ ನನ್ನದು ಕಣೇ ಅಂತ.

"ಗೊತ್ತಮ್ಮಾ," ಅಂದಳು. "ಬಾಯಿ ನಂದಲ್ವಾ?"

ಅವಳು ಲಂಗ ಮಡಚುತ್ತಲೇ ಹೇಳಿದಳು: "ಮೇಡಂ ಹತ್ರ ಸುಳ್ಳು ಹೇಳಿದ್ನಲ್ಲ, ಆವತ್ತು ಸಾಯಂಕಾಲಾನೇ ಯಾಕಂತ ಹೇಳ್ದೇನೇ ಅಜ್ಜಿಗೆ ಸಾರಿ ಕೇಳ್ಬಿಟ್ಟೆ. ನೀನಿನ್ನೂ ಕೇಳೇ ಇಲ್ವಾ?"

ಕೇಳಿಲ್ಲ. ನಾನೂ ಬಾಯಿ ಮುಚ್ಚಿಸಿಕೊಂಡು ಬೆಳೆದವಳು ಅಂತ ಕಾರಣ ಕೊಡಬಹುದು, ಮೇಡಂ ಒಪ್ಪಿಯೂ ಒಪ್ಪುತ್ತಾರೆ. ಮಗಳ ಬಾಯಿಯ ಮೇಲೆ ಹೋದ ಕೈಗೆ ಆ ಕಾರಣ ಸಾಕಾದೀತು. ಟೀಚರ ಮುಂದೆ ನಿಂತು ಅವ್ವನ ಹೆಸರು ಹೇಳಿದ್ದಕ್ಕೆ ಯಾವ ಹಗೇವೂ ಕಾರಣವಲ್ಲ. ಅದು ನಾನು, ಹಗಲು ಹೊತ್ತಿನಲ್ಲಿ, ಬುದ್ಧಿ ನೆಟ್ಟಗಿದ್ದಾಗಲೇ ಮಾಡಿದ್ದು.

ಸ್ಟೆಲ್ಲಾ ಮೇಡಂಗೆ ವಯಸ್ಸಾಗಿದೆ, ಮನೆಯಲ್ಲೇ ಜನರನ್ನು ನೋಡುತ್ತಾರೆ. ಶನಿವಾರ ಬರುತ್ತೇವೆಂದು ಫೋನು ಮಾಡಿದ್ದೇನೆ. ಅವ್ವ ಆಗಲೇ ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ, ಯಾಕೆ ಹೋಗುತ್ತಿದ್ದೇವೆಂದು ಅವಳಿಗೆ ಗೊತ್ತಿಲ್ಲ. ಮೊದಲು ಮೇಡಂಗೆ ತಮಿಳಿನಲ್ಲಿ ಹೇಳುತ್ತೇನೆ. ಆಮೇಲೆ ಅದನ್ನೇ ಅವ್ವನಿಗೆ ನಮ್ಮ ಮಾತಿನಲ್ಲಿ ಹೇಳುತ್ತೇನೆ. ಅವ್ವ ನಡುವೆ ತಡೆದು "ಸಾಕು ಬಿಡು, ನಾನೇ ಮಾಡೀನಿ ಅಂತ ಹೇಳು" ಅನ್ನದೇ ಇರುವವಳಲ್ಲ. ಹಾಗೆ ಅಂದರೆ, ಅವಳು ಅಂದದ್ದನ್ನೂ, ಅದು ನಿಜವಲ್ಲ ಅನ್ನುವುದನ್ನೂ ಮೇಡಂಗೆ ಹೇಳುತ್ತೇನೆ.