ಟೀವಿ ಮಾಡೋರು ಮಾಡಿದ ಕಾರು

ಪಾಸಾಯ್ತು. ನನ್ನ ಮೊಮ್ಮಗಳ ಕಾರು ಮೊನ್ನೆ ಬುಧವಾರ ಪರೀಕ್ಷೆಯಲ್ಲಿ ಪಾಸಾಯ್ತು. ಅವಳು ದುಡ್ಡು ಕೊಟ್ಟು ಕೊಂಡ ಕಾರಲ್ಲ. ಅವಳೂ ಅವಳ ಜೊತೆಯವರೂ ಸೇರಿ ಕಡಕೊಳದ ಫ್ಯಾಕ್ಟರಿಯಲ್ಲಿ ಮಾಡಿದ ಕಾರು, ಪೆಟ್ರೋಲ್ ಬೇಡದೆ ಕರೆಂಟಲ್ಲಿ ಓಡುವಂಥದ್ದು. ಸುದ್ದಿ ಬಂದಾಗ ಒಲೆ ಮೇಲೆ ಹಾಲಿಟ್ಟಿದ್ದೆ. ಹಾಲು ಉಕ್ಕಿ ಒಲೆ ತುಂಬಾ ಆಯ್ತು, ಒರೆಸಲಿಲ್ಲ. ಫೋನು ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಹೋಗಿ ಎದುರು ಮನೆಯವರಿಗೆ ಹೇಳಿದೆ, ಪಕ್ಕದ ಮನೆಯವರಿಗೆ ಹೇಳಿದೆ. ಸೊಪ್ಪು ಮಾರುವವಳಿಗೆ ಎರಡು ಸಲ ಹೇಳಿದೆನಂತೆ.

"ಅಮ್ಮ, ಈ ಕಾರು ರೋಡಿಗೇ ಇಳಿಯಲ್ಲ ಅಂತ ಹೋದ ವರ್ಷ ನೀವೇ ಅಲ್ವ ಹೇಳಿದ್ದು" ಅಂದಳು ಅವಳು, ದಂಟಿನ ಸೊಪ್ಪಿಗೆ ನೀರು ಚಿಮುಕಿಸುತ್ತಾ.

ಹೇಳಿದ್ದೆ. ನಮ್ಮ ಕುಂಬಾರಕೊಪ್ಪಲಿನಲ್ಲಿ ಕಿವಿ ಇರುವ ಎಲ್ಲರಿಗೂ ಹೇಳಿದ್ದೆ. ಹೇಳುವುದಕ್ಕೆ ನನಗೆ ಹಕ್ಕಿದೆ ಅಂದುಕೊಂಡಿದ್ದೆ. ಯಾಕೆಂದರೆ ಆ ಕಂಪನಿಯಲ್ಲಿ ನಾನೇ ಇಪ್ಪತ್ತಾರು ವರ್ಷ ಕೆಲಸ ಮಾಡಿದವಳು.

ಓದಿದ್ದು ನಾಲ್ಕನೇ ಕ್ಲಾಸು. ಮದುವೆಯಾಗಿ ಹಳ್ಳಿಯಿಂದ ಮೈಸೂರಿಗೆ ಬಂದೆ. ಮಗ ಸ್ಕೂಲಿಗೆ ಹೋಗುವಷ್ಟಾದಾಗ, ರೇಡಿಯೋ ಟೀವಿ ಮಾಡುವ ಕಂಪನಿಯವರು ಹೆಂಗಸರನ್ನು ಕೆಲಸಕ್ಕೆ ತಗೊಳ್ತಿದ್ದಾರೆ ಅಂತ ಗೊತ್ತಾಗಿ ಹೋದೆ. ನನ್ನ ಬೆರಳು ನೋಡಿದರು, ಮಾರ್ಕ್ಸ್ ಕಾರ್ಡ್ ಕೇಳಲಿಲ್ಲ. ಮೊದಲು ಬೋರ್ಡಿಗೆ ಸಣ್ಣ ಸಣ್ಣ ಸಾಮಾನು ಚುಚ್ಚುವ ಕೆಲಸ, ಆಮೇಲೆ ಬೆಸುಗೆ ಹಾಕುವ ಕೆಲಸ, ಕಣ್ಣು ಮಂಜಾದ ಮೇಲೆ ತಟ್ಟುವ ಕೆಲಸ.

ತಟ್ಟುವ ಕೆಲಸ ಅಂದರೆ ನಿಜಕ್ಕೂ ತಟ್ಟುವುದೇ. ತಯಾರಾದ ಟೀವಿಯನ್ನು ಹಚ್ಚಿ ನನ್ನ ಮುಂದೆ ಇಡುತ್ತಿದ್ದರು. ರಬ್ಬರು ಸುತ್ತಿದ ಒಂದು ಮರದ ಕಡ್ಡಿ ಇತ್ತು. ಅದರಲ್ಲಿ ಮೇಲೆ, ಎರಡು ಪಕ್ಕ, ಹಿಂದೆ ಹದವಾಗಿ ತಟ್ಟಬೇಕು. ಚಿತ್ರ ಕದಲಲಿಲ್ಲ ಅಂದರೆ ಪಾಸು. ಕುಣಿಯಿತು ಅಂದರೆ ಒಳಗೆಲ್ಲೋ ಬೆಸುಗೆ ಕೂತಿಲ್ಲ ಅಂತ. ನೋಡೋಕೆ ಕೂತ ಹಾಗೇ ಇರುತ್ತೆ, ಮೀಟರು ಇಟ್ಟರೂ ಸರಿ ಅನ್ನುತ್ತೆ, ಅಲುಗಾಡಿದಾಗ ಮಾತ್ರ ಕೈಕೊಡುತ್ತೆ. ನಾವು ಅದಕ್ಕೆ ಡ್ರೈ ಬೆಸುಗೆ ಅಂತಿದ್ದೆವು. ನಮ್ಮ ಯಜಮಾನರು ಸಿಟಿ ಬಸ್ಸಿನ ಡ್ರೈವರಾಗಿದ್ದವರು. "ನಾನು ಬಸ್ಸು ಓಡಿಸಿ ಸಂಬಳ ತಗೊಂಡೆ, ಇವಳು ಟೀವಿಗೆ ಹೊಡೆದು ತಗೊಂಡಳು" ಅಂತ ನೆಂಟರ ಮುಂದೆಲ್ಲ ಹೇಳುತ್ತಿದ್ದರು.

ಮೊಮ್ಮಗಳು ಇಂಜಿನಿಯರಿಂಗ್ ಓದಿ ಅದೇ ಕಂಪನಿಗೆ ಸೇರಿದಾಗ ನನಗೆ ಎಲ್ಲಿಲ್ಲದ ಜಂಬ. ಆದರೆ ಎರಡು ವರ್ಷದ ಹಿಂದೆ ಒಂದು ದಿನ ಊಟಕ್ಕೆ ಕೂತಾಗ ಅವಳು ಹೇಳಿದಳು, ಕಂಪನಿಯವರು ಕಾರು ಮಾಡ್ತಾರಂತೆ, ಇವಳು ಟೀವಿ ಕೆಲಸ ಬಿಟ್ಟು ಕಾರಿನ ಸೆಕ್ಷನ್ನಿಗೆ ಹೋಗ್ತಾಳಂತೆ, ತಾನಾಗಿ ಕೇಳಿ ಹೆಸರು ಕೊಟ್ಟಿದ್ದಾಳಂತೆ. ನಾನು ನಕ್ಕಿದ್ದಕ್ಕೆ ಸಾರು ನೆತ್ತಿಗೇರಿತು.

"ಯಾಕಜ್ಜಿ ನಗ್ತೀಯ?"

"ಕಾರಿಗೂ ರಿಮೋಟ್ ಕೊಡ್ತಾರೇನವ್ವ?"

"ತಮಾಷೆ ಬೇಡ ಅಜ್ಜಿ. ಬ್ರೇಕು, ಆಕ್ಸಲ್ ಎಲ್ಲ ಅದರಲ್ಲೇ ಪಳಗಿದೋರ ಹತ್ರ ತರಿಸ್ತಾರೆ. ಮಿಕ್ಕಿದ್ದೇನು? ಬ್ಯಾಟ್ರಿ, ಮೋಟಾರು, ಬೋರ್ಡು. ಅದು ನಮ್ಮ ಕಸುಬೇ ತಾನೆ?"

"ನೋಡು ಮಗ" ಅಂದರು ಯಜಮಾನರು, "ಕಾರು ಅಂದ್ರೆ ಕಬ್ಬಿಣದ ಕಸುಬು. ಗುಂಡಿ ಬೀಳೋ ರೋಡು, ಮಳೆ, ಧೂಳು. ನಿಮ್ಮಜ್ಜಿ ಟೀವಿಗಳು ಮನೇಲಿ ಕಸೂತಿ ಬಟ್ಟೆ ಹೊದ್ಕೊಂಡು ಕೂತಿದ್ದವು."

"ಅಂಗೇ ಹೇಳಿ" ಅಂದೆ ನಾನು. ಐವತ್ತು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಒಂದೇ ಮಾತು ಆಡಿದ್ದು ಅವತ್ತೇ ಇರಬೇಕು. ಮಗ ಇನ್ನೊಂದು ಮುದ್ದೆ ಕೇಳಿದ, ಸೊಸೆ ತರೋಕೆ ಎದ್ದಳು.

ನಿಜ ಹೇಳಬೇಕೆಂದರೆ ನನ್ನ ಅಪನಂಬಿಕೆಗೆ ಬೇರೆ ಕಾರಣ ಇತ್ತು. ಒಂದು ಸಲ ಗೌರಿ ಹಬ್ಬದ ಹಿಂದಿನ ದಿನ, ಬಸ್ಸು ತಪ್ಪಿಹೋದರೆ ಬಾಗಿನದ ಸಾಮಾನು ತರೋಕಾಗಲ್ಲ ಅಂತ, ಕೊನೆಯಲ್ಲಿ ಬಂದ ಟೀವಿಗಳನ್ನು ತಟ್ಟದೆಯೇ ಪಾಸು ಚೀಟಿ ಅಂಟಿಸಿ ಕಳಿಸಿಬಿಟ್ಟಿದ್ದೆ. ಯಾರಿಗೂ ಗೊತ್ತಾಗಲಿಲ್ಲ. ಟೀವಿ ಕೆಟ್ಟರೆ ಜನ ನಾಲ್ಕು ಮಾತು ಬೈದು ಮಲಗಿಕೊಳ್ಳುತ್ತಾರೆ. ಕಾರು ಹಾಗಲ್ಲವಲ್ಲ. ನನ್ನಂಥವಳೊಬ್ಬಳು ಬಸ್ಸಿಗೆ ಓಡುವ ಅವಸರದಲ್ಲಿ ಚೀಟಿ ಅಂಟಿಸಿದ ಕಾರಲ್ಲಿ ನನ್ನ ಮೊಮ್ಮಗಳು ಕೂತಿರೋದನ್ನು ನೆನೆಸಿಕೊಂಡು ರಾತ್ರಿ ಎದ್ದು ಕೂರುತ್ತಿದ್ದೆ. ಆ ಕಂಪನಿಯ ಕೈಲಿ ಕಾರು ಮಾಡೋಕಾಗಲ್ಲ ಅಂತ ಊರಿಗೆಲ್ಲ ಸಾರಿದವಳು, ಯಾಕೆ ಆಗಲ್ಲ ಅನ್ನುವುದನ್ನು ಮಾತ್ರ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಎರಡು ವರ್ಷ ಕಳೆಯಿತು. ಕಾರು ಎದ್ದು ನಿಂತಿತು, ಓಡಿತು ಕೂಡ. ಆದರೆ ಈ ಬೇಸಿಗೆಯಲ್ಲಿ ಅದಕ್ಕೊಂದು ರೋಗ ಹಿಡಿಯಿತು. ಚೆನ್ನಾಗಿ ಹೋಗ್ತಾ ಹೋಗ್ತಾ ಮುಂದಿನ ಪರದೆ ಕಪ್ಪಾಗಿ, ಕಾರು ಜೀವ ಬಿಟ್ಟ ಹಾಗೆ ನಿಲ್ಲುವುದು. ಒಂದು ನಿಮಿಷ ಬಿಟ್ಟು ತಾನೇ ಏಳುವುದು. ಎಳೆದುಕೊಂಡು ಹೋಗಿ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರೆ ಎಲ್ಲ ಸರಿ ಇದೆ ಅನ್ನುವುದು. ಕಾರನ್ನು ರೋಡಿಗೆ ಬಿಡಬಹುದಾ ಅಂತ ಪರೀಕ್ಷೆ ಮಾಡುವವರು ಬರುವ ದಿನ ಗೊತ್ತಾಗಿತ್ತು. ಅವರ ಮುಂದೆ ಹೀಗೆ ನಿಂತುಬಿಟ್ಟರೆ ಕಾರಿನ ಸೆಕ್ಷನ್ನೇ ಮುಚ್ಚುತ್ತೇವೆ ಅಂತ ಮೇಲಿನವರು ಹೇಳಿಯಾಗಿತ್ತು. ಟೀವಿ ಸೆಕ್ಷನ್ನಿನಲ್ಲಿ ಮೊಮ್ಮಗಳು ಬಿಟ್ಟು ಬಂದ ಜಾಗಕ್ಕೆ ಬೇರೆಯವರನ್ನು ತಗೊಂಡಿದ್ದರು. ಕೆಲಸ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಎರಡು ವರ್ಷ ಹಗಲು ರಾತ್ರಿ ಅದರ ಧ್ಯಾನದಲ್ಲೇ ಇದ್ದ ಹುಡುಗಿ ಅವಳು. ಮನೆಗೆ ಬಂದರೆ ಅರ್ಧ ಮುದ್ದೆ ಬಿಟ್ಟು ಏಳುತ್ತಿದ್ದಳು. ನಾನು ಹೇಳಿದ್ದೇ ಆಯಿತು ನೋಡು ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ.

ಹಾಗಿರುವಾಗ ಒಂದು ಭಾನುವಾರ ಕಾರನ್ನು ಮನೆ ಮುಂದೆ ತಂದು ನಿಲ್ಲಿಸಿದಳು. ವಯಸ್ಸಾದವರನ್ನು ಕೂರಿಸಿಕೊಂಡು ಓಡಿಸಿ, ಹತ್ತೋಕೆ ಇಳಿಯೋಕೆ ಹೇಗಿದೆ ಕೇಳಿ ಬರೆದುಕೊಂಡು ಬನ್ನಿ ಅಂತ ಆಫೀಸಿನಲ್ಲಿ ಹೇಳಿದ್ದರಂತೆ. ವಯಸ್ಸಾದವರು ಅಂದರೆ ನಾವು. ನಾನು ಮುಂದೆ ಕೂತೆ, ಯಜಮಾನರು ಹಿಂದೆ. ಕೆಸರೆಯಲ್ಲಿರುವ ನನ್ನ ತಂಗಿ ಮನೆಗೆ ಹೋಗಿ ಬರೋಣ ಅಂತ ಆಯ್ತು.

ನಾನು ಸೆರಗು ಸರಿ ಮಾಡಿಕೊಂಡು ಕೈ ಮುಗಿದು, "ಸ್ಟಾರ್ಟ್ ಮಾಡವ್ವ" ಅಂದೆ.

"ಅಜ್ಜಿ, ಆಗಲೇ ಬೀದಿ ಕೊನೆಗೆ ಬಂದ್ವಿ."

ನೋಡುತ್ತೇನೆ, ನಮ್ಮ ಮನೆ ಹಿಂದೆ ಹೋಗಿತ್ತು. ಸದ್ದಿಲ್ಲ, ನಡುಕ ಇಲ್ಲ. ಹಿಂದಿನಿಂದ ಯಜಮಾನರು, "ಗೇರ್ ಇಲ್ಲ, ಕ್ಲಚ್ ಇಲ್ಲ. ಡ್ರೈವರ್‌ಗೆ ಮಾಡೋಕೇನು ಕೆಲಸ, ನಿದ್ದೆ ಮಾಡೋದಾ?" ಅಂತ ಶುರು ಮಾಡಿದರು. ಹಂಪು ಬಂದರೆ "ನಿಧಾನ", ತಿರುವು ಬಂದರೆ "ಹಾರನ್ ಹೊಡಿ", ಯಾರಾದರೂ ಅಡ್ಡ ಬಂದರೆ ಕಾಲಿನಲ್ಲೇ ಇಲ್ಲದ ಬ್ರೇಕು ಒತ್ತುವರು.

ಕೆಸರೆ ಹತ್ತಿರ ಒಂದು ದೊಡ್ಡ ಹಂಪು. ಹತ್ತಿ ಇಳಿಯಿತು ನೋಡಿ, ಪರದೆ ಕಪ್ಪಾಯಿತು. ಕಾರು ಹಾಗೇ ಉರುಳಿಕೊಂಡು ಹೋಗಿ ಒಂದು ಬೇಲಿ ಪಕ್ಕ ನಿಂತಿತು. ಮೊಮ್ಮಗಳು ಸ್ಟೇರಿಂಗ್ ಹಿಡಿದುಕೊಂಡೇ ಕೂತಳು. ಸ್ವಲ್ಪ ಹೊತ್ತಿಗೆ ಪರದೆ ತಾನೇ ಬೆಳಗಿತು.

"ನಾನು ಹೇಳಿರ್ಲಿಲ್ವ" ಅಂದರು ಯಜಮಾನರು.

ನಾನು ಎರಡು ವರ್ಷದಿಂದ ಆಡಿದ ಮಾತನ್ನೇ ಅವರು ಆಡಿದ್ದು. ಆದರೂ ಅವತ್ತು ಅವರ ಬಾಯಲ್ಲಿ ಕೇಳಿದಾಗ ನನಗೆ ಎಲ್ಲಿತ್ತೋ ಕೋಪ. "ಸುಮ್ನೆ ಕೂತ್ಕೊಳಿ ಅತ್ಲಾಗಿ" ಅಂತ, ಅವರಿಗೆ ಹೊಡೆಯೋಕಾಗದ್ದಕ್ಕೆ ಮುಂದಿದ್ದ ಡ್ಯಾಶ್‌ಬೋರ್ಡಿಗೆ ಪಟಾರಂತ ಒಂದು ಕೊಟ್ಟೆ.

ಪರದೆ ಕಪ್ಪಾಯಿತು.

ಬುದ್ಧಿ ಉಪಯೋಗಿಸಿ ಮಾಡಿದೆ ಅಂತ ಹೇಳಿಕೊಳ್ಳಬಹುದಿತ್ತು. ಸಾಕ್ಷಿಗೆ ಯಜಮಾನರು ಇದ್ದಾರೆ, ಬಿಡುವುದಿಲ್ಲ. ಅವತ್ತು ನನಗಾಗಿದ್ದು ಬರೀ ಭಯ. ಕೋಟಿ ಸುರಿದ ಕಾರನ್ನು ಒಂದೇ ಏಟಿಗೆ ಕೆಡಿಸಿಬಿಟ್ಟೆ ಅಂತ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಪರದೆ ಮತ್ತೆ ಬೆಳಗಿದಾಗಲೇ ಕೈಗೆ ಹಳೆಯ ಕೆಲಸ ನೆನಪಾದದ್ದು. ಬೆರಳು ಮಡಚಿ ಎಡಗಡೆ ತಟ್ಟಿದೆ, ಏನಾಗಲಿಲ್ಲ. ಮಧ್ಯದಲ್ಲಿ ತಟ್ಟಿದೆ, ಏನಾಗಲಿಲ್ಲ. ಮೊದಲು ಹೊಡೆದ ಜಾಗದಲ್ಲಿ ಮೆಲ್ಲಗೆ ತಟ್ಟಿದೆ. ಕಪ್ಪು.

"ಡ್ರೈ ಬೆಸುಗೆ ಕಣವ್ವ ಇದು" ಅಂದೆ.

ಮೊಮ್ಮಗಳು ಫೋನು ತೆಗೆದು ವಿಡಿಯೋ ಹಚ್ಚಿದಳು. "ಅಜ್ಜಿ, ಇನ್ನೊಂದ್ಸಲ ತಟ್ಟು." ತಟ್ಟಿದೆ. "ಇನ್ನೊಂದ್ಸಲ." ತಟ್ಟಿದೆ. ಆರು ಸಲ ತಟ್ಟಿಸಿದಳು, ಆರು ಸಲವೂ ಸತ್ತು ಎದ್ದಿತು. ಅವಳು ಅಲ್ಲೇ ಆಫೀಸಿಗೆ ಫೋನು ಮಾಡುತ್ತಾ ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು. ತಂಗಿ ಮನೆಗೆ ಹೋಗೋದು ಅಷ್ಟಕ್ಕೇ ನಿಂತಿತು.

ವಾಪಸು ಬರುವಾಗ ಮೊಮ್ಮಗಳು ಒಂದು ಕೈಯಲ್ಲಿ ನನ್ನ ಕೈ ಹಿಡಿದುಕೊಂಡು, "ಇಷ್ಟು ದಿನ ಕಾರಿನೋರ ಥರ ಹುಡುಕ್ತಿದ್ವಿ ಅಜ್ಜಿ. ಟೀವಿಯೋರ ಥರ ಹುಡುಕಬೇಕಿತ್ತು" ಅಂದಳು.

ಅವಳು ಹೊಗಳಿದ್ದು ತಡೆಯಲಾಗದೆ ನಾನು ಗೌರಿ ಹಬ್ಬದ ಕತೆ ಹೇಳಿಬಿಟ್ಟೆ. ತಟ್ಟದೆ ಕಳಿಸಿದ್ದು, ಚೀಟಿ ಅಂಟಿಸಿದ್ದು, ಎಲ್ಲ.

"ಅದರಲ್ಲೊಂದು ನಮ್ಮನೆಗೇ ಬಂದಿತ್ತೇನೋ" ಅಂದರು ಯಜಮಾನರು ಹಿಂದಿನಿಂದ. "ಕ್ರಿಕೆಟ್ ಬಂದಾಗೆಲ್ಲ ಕುಣೀತಿತ್ತು."

ಮಾರನೆಯ ದಿನ ನಾನು ಮಾಡಿದ್ದನ್ನು ಹೇಳಿದರೆ ನಿಮಗೂ ನಗು ಬರುತ್ತದೆ. ಫ್ಯಾಕ್ಟರಿಯಿಂದ ನನ್ನನ್ನು ಕರೆಸುತ್ತಾರೆ, ದೊಡ್ಡವರೆಲ್ಲ ಸುತ್ತ ನಿಂತಿರುತ್ತಾರೆ, ನಾನು ತಟ್ಟಿ ತೋರಿಸಬೇಕಾಗುತ್ತದೆ ಅಂತ ಬೆಳಿಗ್ಗೆಯೇ ಎದ್ದು ನೀರು ಹಾಕಿಕೊಂಡು ಮಗನ ಮದುವೆಯ ರೇಷ್ಮೆ ಸೀರೆ ಉಟ್ಟು ಕೂತೆ. ಸೊಸೆ ಎರಡು ಸಲ ಬಂದು ನೋಡಿದಳು. "ಅತ್ತೆ, ಎಲ್ಲಿಗಾದ್ರೂ ಹೊರಟಿದ್ದೀರಾ?" ಇಲ್ಲ ಕಣಮ್ಮ, ಸುಮ್ನೆ ಉಟ್ಕೊಂಡೆ ಅಂದೆ. ಮಧ್ಯಾಹ್ನದ ಮುದ್ದೆಯನ್ನೂ ಅದರಲ್ಲೇ ಉಂಡೆ. ಯಾರೂ ಕರೆಯಲಿಲ್ಲ. ಸಂಜೆ ಮೊಮ್ಮಗಳು ಬಂದು ಹೇಳಿದಳು, ಡ್ಯಾಶ್‌ಬೋರ್ಡು ಬಿಚ್ಚಿ ಒಳಗಿನ ಸಣ್ಣ ಬೋರ್ಡನ್ನು ದೊಡ್ಡದು ಮಾಡಿ ತೋರಿಸುವ ಕನ್ನಡಿಯಲ್ಲಿ ನೋಡಿದರಂತೆ, ಒಂದು ಬೆಸುಗೆ ಬಿಟ್ಟುಕೊಂಡಿತ್ತಂತೆ. ರಿಪೋರ್ಟಿನಲ್ಲಿ ನನ್ನ ಬಗ್ಗೆಯೂ ಬರೆದಿದ್ದಾರಂತೆ. ಏನಂತ ಬರೆದಿದ್ದಾರೆ ಅಂತ ಕೇಳಿದೆ. "ಪ್ರಯಾಣಿಕರೊಬ್ಬರು ಸಿಟ್ಟಿನಿಂದ ಹೊಡೆದಾಗ ದೋಷ ಪತ್ತೆಯಾಯಿತು" ಅಂತ.

ಅಷ್ಟೇ ಅಲ್ಲ, ಇನ್ನು ಮುಂದೆ ಬೋರ್ಡುಗಳನ್ನೆಲ್ಲ ಒಂದು ನಡುಗುವ ಮೇಜಿನ ಮೇಲಿಟ್ಟು ಅಲುಗಾಡಿಸಿಯೇ ಕಾರಿಗೆ ಹಾಕುತ್ತಾರಂತೆ. ಮೇಜು ಬಸ್ಸಿಗೆ ಅವಸರ ಮಾಡುವುದಿಲ್ಲ, ಒಳ್ಳೆಯದೇ ಆಯಿತು ಅಂದುಕೊಂಡೆ.

ಆದರೂ ಮೊನ್ನೆ ಪರೀಕ್ಷೆಯ ದಿನ ನನಗೆ ಕೂರೋಕಾಗಲಿಲ್ಲ, ನಿಲ್ಲೋಕಾಗಲಿಲ್ಲ. ಒಂದು ಬೆಸುಗೆ ಸಿಕ್ಕಿತು ಸರಿ, ಇನ್ನೊಂದಿದ್ದರೆ? ಅದರ ಹಿಂದಿನ ಎರಡು ದಿನ ನೀರಲ್ಲಿ ಓಡಿಸಿದರಂತೆ, ಭಾರ ಹೇರಿ ದಿಬ್ಬ ಹತ್ತಿಸಿದರಂತೆ, ಗುಂಡಿ ರೋಡಲ್ಲಿ ಕುಣಿಸಿದರಂತೆ. ಬುಧವಾರ ಮೂರು ಗಂಟೆಗೆ ಫೋನು ಬಂತು. "ಅಜ್ಜಿ" ಅಂದವಳೇ ಅಳೋಕೆ ಶುರು ಮಾಡಿದಳು. ಕಾರು ನಿಂತೇಹೋಯಿತು ಅಂದುಕೊಂಡೆ. ಆಮೇಲೆ, "ಒಂದ್ಸಲನೂ ನಿಲ್ಲಲಿಲ್ಲ ಅಜ್ಜಿ" ಅಂದಳು. ಹಾಲು ಉಕ್ಕಿದ್ದು ಆವಾಗಲೇ.

ಸಂಜೆಗೆ ಒತ್ತು ಶಾವಿಗೆ ಮಾಡಲೇಬೇಕು ಅಂತ ಸೊಸೆ ಹೇಳಿದಳು. ಅಕ್ಕಿ ಹಿಟ್ಟಿನ ಉಂಡೆ ಬೇಯಿಸಿ ಬಿಸಿಬಿಸಿಯಲ್ಲೇ ಒತ್ತಬೇಕು, ಒಬ್ಬರ ಕೈಲಾಗುವ ಕೆಲಸವಲ್ಲ. ಮಗ ಕೋಳಿ ತಂದು ಕೊಟ್ಟು ಶಾವಿಗೆ ಒರಳಿನ ಹಿಡಿಗೆ ನಿಂತ. ಯಜಮಾನರು ಇನ್ನೊಂದು ಕಡೆಯಿಂದ ಒತ್ತುತ್ತಾ, "ಪಾಸಾಯ್ತು ಸರಿ. ಇನ್ನು ಕೊಳ್ಳೋರು ಬೇಕಲ್ಲ. ಟೀವಿ ಕಂಪನಿ ಕಾರು ಅಂದ್ರೆ ಜನ ನಂಬ್ತಾರಾ?" ಅಂದರು.

"ನಂಬದೆ ಏನು. ಚೆನ್ನಾಗಿದ್ರೆ ನಂಬ್ತಾರೆ" ಅಂದೆ ನಾನು. ಎರಡು ವರ್ಷ ಬೇರೆ ಪಕ್ಷದಲ್ಲಿದ್ದವಳು ನಾನೇ ಅಂತ ಯಾರೂ ನೆನಪಿಸಲಿಲ್ಲ.

"ತಾತ ಹೇಳೋದ್ರಲ್ಲೂ ಸತ್ಯ ಇದೆ ಅಜ್ಜಿ" ಅಂದಳು ಮೊಮ್ಮಗಳು, ಆಗತಾನೇ ಕೈಕಾಲು ತೊಳೆದುಕೊಂಡು ಬಂದು. "ಮಾಡೋಕೆ ಬರುತ್ತೆ ಅಂತ ಇವತ್ತು ಗೊತ್ತಾಯ್ತು. ಮಾರೋಕೆ, ಹತ್ತು ವರ್ಷ ರಿಪೇರಿ ಮಾಡಿಕೊಡೋಕೆ ಬರುತ್ತಾ ಅಂತ ಗೊತ್ತಿಲ್ಲ. ಆದ್ರೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗ್ತೀನಿ."

"ಅದು ಸಾಕು ಬುಡು" ಅಂದರು ಯಜಮಾನರು.

ಐದು ಜನವೂ ನೆಲದ ಮೇಲೆ ಚಾಪೆ ಹಾಸಿ ಕೂತೆವು. ನಾನು ಬಡಿಸುತ್ತೇನೆ ಅಂದರೆ ಸೊಸೆ ಕೇಳದೆ ನನ್ನನ್ನೂ ಮೊಮ್ಮಗಳ ಪಕ್ಕದಲ್ಲಿ ಕೂರಿಸಿದಳು. ಮೊದಲು ಶಾವಿಗೆಗೆ ಕಾಯಿಹಾಲು ಹಾಕಿಕೊಂಡು ಉಂಡೆವು, ಆಮೇಲೆ ಕೋಳಿಸಾರು. ಮೊಮ್ಮಗಳು ತಲೆ ಬಗ್ಗಿಸಿ ಗಬಗಬ ಉಣ್ಣುತ್ತಿದ್ದಳು. ಯಜಮಾನರು ತಮ್ಮ ಸಾರಿನಲ್ಲಿದ್ದ ಕೋಳಿ ಕಾಲನ್ನು ಎತ್ತಿ ಅವಳ ತಟ್ಟೆಗೆ ಹಾಕಿ, ಏನೂ ಆಗದವರ ಹಾಗೆ ಸೊಸೆಯ ಕಡೆ ತಿರುಗಿ ಇನ್ನೊಂದು ಹಿಡಿ ಶಾವಿಗೆ ಕೇಳಿದರು.