ಅಕ್ಕಿ ಡಬ್ಬದ ಹಿಂದಿನ ಮಾತ್ರೆಗಳು

ದೊಡ್ಡಪ್ಪ ಕಾಫಿ ಒಣಗಿಸುವ ಕಣದಲ್ಲಿ ಕುಸಿದು ಬಿದ್ದದ್ದಕ್ಕೆ ಮದುವೆಮನೆಯ ಹಂದಿ ಊಟ ಕಾರಣ ಎಂದು ನಮ್ಮ ಕಡೆ ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದೇ ಊಟ ಮಾಡಿದ ಅರ್ಧ ಊರು ಮರುದಿನ ಬೆಳಿಗ್ಗೆ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುತ್ತಿತ್ತು. ಉಷ್ಣ ಆಯಿತು ಎನ್ನುತ್ತಾರೆ. ಆ ಉಷ್ಣ ಇವರೊಬ್ಬರನ್ನೇ ಹುಡುಕಿಕೊಂಡು ಬಂದದ್ದು ಯಾಕೆ ಎಂದರೆ, "ಕಾಲೇಜಲ್ಲಿ ಡಿಬೇಟ್ ಮಾಡಿ ಮಾಡಿ ನಿಂಗೆ ಎಲ್ಲದಕ್ಕೂ ವಾದ" ಎಂಬ ತೀರ್ಪಷ್ಟೇ ಸಿಗುತ್ತದೆ.

ಕುದುರೆಮುಖದಲ್ಲಿ ಗಣಿ ನಿಂತ ಆಸುಪಾಸಿನ ಮಾತು. ದೊಡ್ಡಪ್ಪನಿಗೆ ಎದೆನೋವು ಬಂತು. ಊರಿನ ಡಾಕ್ಟರು ಗ್ಯಾಸ್ ಎಂದರು. ನೋವು ಬಿಡದಿದ್ದಾಗ ದೊಡ್ಡಮ್ಮ ಹಟ ಹಿಡಿದು ಮಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿ ಹೃದಯಾಘಾತ ಎಂದು ಹೇಳಿ, ಮುಚ್ಚಿದ್ದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಟ್ಟು ಕಳಿಸಿದರು.

ಊರಿಗೆ ಬಂದ ದೊಡ್ಡಪ್ಪ, ಕಣ್ಣು ತೋರಿಸಲು ಹೋಗಿದ್ದೆ ಎಂದರು. ಊರಿನ ಡಾಕ್ಟರು ಎಂಥ ಮಳೆಯಲ್ಲೂ ಜೀಪು ಹತ್ತಿ ಬಂದವರು, ನಮ್ಮ ಮನೆಯ ಮಕ್ಕಳ ಜ್ವರವನ್ನೆಲ್ಲ ಇಳಿಸಿದವರು. ನೀವು ಗ್ಯಾಸ್ ಎಂದದ್ದು ಹೃದಯಾಘಾತವಾಗಿತ್ತು ಎಂದು ಅವರ ಮುಖಕ್ಕೆ ಹೇಳುವುದು ಹೇಗೆ? ನಮ್ಮೂರು ಬಾಳೂರಿನಲ್ಲಿ ಗುಟ್ಟು ನಿಲ್ಲುವುದಿಲ್ಲ. ತೋಟದ ಮೇಸ್ತ್ರಿಗೆ ಗೊತ್ತಾಯಿತು, ಅಂಗಡಿಯವನಿಗೆ ಗೊತ್ತಾಯಿತು. ಡಾಕ್ಟರಿಗೆ ಮಾತ್ರ ಯಾರೂ ಹೇಳಲಿಲ್ಲ. ಅವರ ಜೀಪಿನ ಸದ್ದು ಕೇಳಿದರೆ ದೊಡ್ಡಮ್ಮ ಮಂಗಳೂರಿನ ಮಾತ್ರೆಗಳನ್ನು ಅಕ್ಕಿ ಡಬ್ಬದ ಹಿಂದೆ ಸರಿಸುತ್ತಿದ್ದರು.

ಕೊಯ್ಲಿನ ಕಾಲದಲ್ಲಿ ಏರು ಹತ್ತಿ ಇಳಿದು ದೊಡ್ಡಪ್ಪನ ಮಂಡಿ ಊದಿತು. ಡಾಕ್ಟರು ಬಂದರು. ಅವತ್ತಿನ ಮಾತುಕತೆಯನ್ನು ದೊಡ್ಡಮ್ಮನೇ ನನಗೆ ಹೇಳಿದ್ದು.

"ಬೇರೆ ಏನಾದ್ರೂ ಮಾತ್ರೆ ತಗೊಳ್ತಿದ್ದೀರಾ ಗೌಡ್ರೇ?"

"ನೀವು ಕೊಟ್ಟದ್ದು ಬಿಟ್ರೆ ನಾನು ಯಾವತ್ತು ಯಾವ ಮಾತ್ರೆ ತಿಂದಿದೀನಿ ಡಾಕ್ಟ್ರೇ."

ಡಾಕ್ಟರು ನೋವಿನ ಮಾತ್ರೆ ಕೊಟ್ಟರು. ಮಂಡಿ ಹಗುರಾಯಿತು. ಆದರೆ ಮಲ ಡಾಂಬರಿನ ಹಾಗೆ ಕಪ್ಪಗಾಯಿತು. ಮದುವೆಗಿಂತ ಮೊದಲೇ, ಗಮನಿಸಿ. ನಾಚಿಕೆಗೆ ದೊಡ್ಡಪ್ಪ ಆಗ ಯಾರಿಗೂ ಹೇಳಲಿಲ್ಲ, ಬಾಯಿಬಿಟ್ಟದ್ದು ಆಮೇಲೆ ಮಂಗಳೂರಿನಲ್ಲಿ. ಮದುವೆಯ ಮರುದಿನ ಮಧ್ಯಾಹ್ನ, ಒಣಗಲು ಹರಡಿದ್ದ ಕಾಫಿಯ ಮೇಲೆ ಬಿದ್ದರು. ಡಾಕ್ಟರಿಗೆ ಏನು ಹೇಳೋಣ ಎಂದು ಮೇಸ್ತ್ರಿ ಕೇಳಿದಾಗ, ಮಂಗಳೂರಿಗೆ ಹೊರಟ ಬಾಡಿಗೆ ಜೀಪು ಹತ್ತುತ್ತ ದೊಡ್ಡಮ್ಮ ಹೇಳಿದ್ದು: "ಮದುವೆ ಊಟ ಹೆಚ್ಚಾಯ್ತು ಅನ್ನು." ಹಂದಿ ಊಟದ ಕಥೆ ಹುಟ್ಟಿದ್ದು ಹಾಗೆ.

ನಾನು ಚಿಕ್ಕಮಗಳೂರಿನ ಹಾಸ್ಟೆಲಿನಿಂದ ಮಂಗಳೂರು ತಲುಪುವಷ್ಟರಲ್ಲಿ ದೊಡ್ಡಪ್ಪನಿಗೆ ರಕ್ತ ಕೊಡುತ್ತಿದ್ದರು. ದೊಡ್ಡಮ್ಮ ಚೀಲದಿಂದ ನೋವಿನ ಮಾತ್ರೆ ತೆಗೆದು ತೋರಿಸಿದರು. ಅಲ್ಲಿನ ಡಾಕ್ಟರು ಅದನ್ನು ತಿರುಗಿಸಿ ನೋಡಿದರು.

"ಇದು ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸ್ತದೆ, ಮಲ ಕಪ್ಪಾದದ್ದು ಅದರಿಂದಲೇ. ನಮ್ಮ ಮಾತ್ರೆ ಇರುವಾಗ ಆ ರಕ್ತ ಬೇಗ ನಿಲ್ಲುವುದಿಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟದ್ದು ಯಾರು?"

ಯಾರೂ ಕೊಟ್ಟಿರಲಿಲ್ಲ. ಒಬ್ಬರು ಒಂದನ್ನು ಕೊಟ್ಟಿದ್ದರು, ಇನ್ನೊಬ್ಬರು ಇನ್ನೊಂದನ್ನು. ಎರಡನ್ನೂ ಸೇರಿಸಿದ್ದು ನಮ್ಮ ಮನೆಯ ಮರ್ಯಾದೆ.

ಹೃದಯದ ಮಾತ್ರೆ ತಾವಾಗಿ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಕೊಳ್ಳಬಹುದು, ಅದನ್ನು ಬಿಡಬೇಡಿ ಎಂದರು. ಮಂಡಿಗೆ ಕೊಟ್ಟಂಥ ನೋವಿನ ಮದ್ದು ಇನ್ನು ಕೂಡದು, ಮಾತ್ರೆಯೂ ಬೇಡ, ಇಂಜೆಕ್ಷನ್ನೂ ಬೇಡ ಎಂದು ಹೇಳಿ ಕಳಿಸಿದರು.

ಮನೆಗೆ ಬಂದ ಮರುದಿನವೇ ಊರಿನ ಡಾಕ್ಟರು, ನಾಳೆ ಬಂದು ನೋಡುತ್ತೇನೆ ಎಂದು ಹೇಳಿ ಕಳಿಸಿದರು. ದೊಡ್ಡಪ್ಪ ಜಗಲಿಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಿದ್ದರು.

"ಹೇಳಿಬಿಡಿ ದೊಡ್ಡಪ್ಪ."

"ಇಷ್ಟು ವರ್ಷ ನಮ್ಮನ್ನ ನೋಡ್ಕೊಂಡವ್ರು ಮಾರಾಯ. ಈ ವಯಸ್ಸಲ್ಲಿ ಅವ್ರಿಗೆ ನೀವು ತಪ್ಪಿದ್ರಿ ಅನ್ನೋದಾ?"

ಅವರ ಸಂಕೋಚ ಮೂರ್ಖತನವಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಬಿಡಲಿಲ್ಲ.

"ಹೇಳ್ದಿದ್ರೆ ಮತ್ತೆ ಅದೇ ಮಾತ್ರೆ ಕೊಡ್ತಾರೆ."

"ಕೊಟ್ರೆ ಇಸ್ಕೊಂಡು ಸುಮ್ನೆ ಇಟ್ರಾಯ್ತು. ತಿನ್ನೋದು ನಾನಲ್ವಾ?"

ಒಳಗೆ ದೊಡ್ಡಮ್ಮ ಅಕ್ಕಿ ಡಬ್ಬ ಸರಿಸುವ ಸದ್ದು ಕೇಳಿಸಿತು.

"ಸರಿ," ಎಂದೆ. "ಮಂಡಿ ನೋಡಿ ಅವ್ರು ಇಲ್ಲೇ ಚುಚ್ಚೋಕೆ ಇಂಜೆಕ್ಷನ್ನೇ ತೆಗೆದ್ರೆ, ಆಗ ಏನು ಹೇಳ್ತೀರಿ ದೊಡ್ಡಪ್ಪ?"