ಒಂಬತ್ತು ಸೌಟಿನ ರಾಯಭಾರ

ತಲುವಾ ಎಂಬ ದೇಶವನ್ನು ಭೂಪಟದಲ್ಲಿ ಹುಡುಕಲು ಹೋಗಬೇಡಿ, ಕಣ್ಣು ನೋಯಿಸಿಕೊಳ್ಳುತ್ತೀರಿ. ಶಾಂತಸಾಗರದ ನಡುವೆ ಮಸಿ ತೊಟ್ಟಿಕ್ಕಿದಂತಿರುವ ನಾಲ್ಕು ದ್ವೀಪ, ಅಷ್ಟೆ. ಅಲ್ಲಿನ ಜನರನ್ನೆಲ್ಲ ಹಡಗು ಹತ್ತಿಸಿ ಕರೆತಂದರೂ ಮೈಸೂರಿನ ಎರಡು ಬಡಾವಣೆ ತುಂಬುವುದಿಲ್ಲ. ಆದರೂ ದೇಶ ದೇಶವೇ. ಬಾವುಟವಿದೆ, ರಾಷ್ಟ್ರಗೀತೆಯಿದೆ, ಟೋಕಿಯೋದಲ್ಲಿ ಡ್ರೈಕ್ಲೀನಿಂಗ್ ಅಂಗಡಿಯ ಮೇಲೆ ಮೂರನೆಯ ಮಹಡಿಯಲ್ಲಿ ಒಂದು ರಾಯಭಾರ ಕಚೇರಿಯೂ ಇದೆ. ಆ ಕಚೇರಿಯಲ್ಲಿ ಇಬ್ಬರೇ ಇಬ್ಬರು. ಒಬ್ಬರು ರಾಯಭಾರಿ ಸಿಮಿಯೋ. ಇನ್ನೊಬ್ಬಳು ಮೈಸೂರಿನ ಕೃಷ್ಣಮೂರ್ತಿಪುರದ ಸತ್ಯಭಾಮಾ.

ಅವಳ ಹುದ್ದೆ ವಾಣಿಜ್ಯ ಸಹಾಯಕಿ. ಅಂದರೆ ಫೋನು ಎತ್ತುವುದು, ಪತ್ರ ಬರೆಯುವುದು, ಜಪಾನಿ ಭಾಷೆಯಲ್ಲಿ ದುಭಾಷಿಯಾಗುವುದು, ಬಾವುಟ ಕೊಳೆಯಾದರೆ ಕೆಳಗಿನ ಅಂಗಡಿಗೆ ಕೊಟ್ಟು ಬರುವುದು. ಗಂಡ ಉಮಾಶಂಕರನನ್ನು ಕಂಪನಿಯವರು ಯೋಕೋಹಾಮಾಕ್ಕೆ ಕಳಿಸಿದಾಗ ಜೊತೆಗೆ ಬಂದವಳು, ಹನ್ನೆರಡು ವರ್ಷ ಎಲ್ಲಿ ಹೋದರೂ ‘ಉಮಾಶಂಕರ್ ಸಾನ್ ಮನೆಯವರು’ (ಸಾನ್ ಅಂದರೆ ನಮ್ಮ ‘ಅವರು’) ಆಗಿಯೇ ಉಳಿದಿದ್ದಳು. ಆಸ್ಪತ್ರೆಯಲ್ಲಿ ಹಾಗೆ, ವಾರ್ಡ್ ಆಫೀಸಿನಲ್ಲಿ ಹಾಗೆ, ಕನ್ನಡ ಕೂಟದಲ್ಲೂ ಹಾಗೆಯೇ. ಟೀವಿಯ ಅಡುಗೆ ಕಾರ್ಯಕ್ರಮ ನೋಡಿ ನೋಡಿ ಕಲಿತ ಜಪಾನಿ ಭಾಷೆ ಎರಡು ವರ್ಷದ ಹಿಂದೆ ಅವಳಿಗೆ ಈ ಕೆಲಸ ಕೊಡಿಸಿತು. ಸ್ವಂತ ಹೆಸರಿನ ವಿಸಿಟಿಂಗ್ ಕಾರ್ಡು ಕೈಗೆ ಬಂದ ದಿನ ಅವಳು ಮೊದಲನೆಯದನ್ನು ದೇವರ ಮುಂದೆ ಇಟ್ಟಳು, ಎರಡನೆಯದನ್ನು ಗಂಡನಿಗೆ ಎರಡೂ ಕೈಯಲ್ಲಿ ಹಿಡಿದು ಬಗ್ಗಿ ಕೊಟ್ಟಳು.

ಸಂದರ್ಶನದಲ್ಲಿ ಸಿಮಿಯೋ ಕೇಳಿದ್ದು ಒಂದೇ ಪ್ರಶ್ನೆ. “ನಮ್ಮ ವಿದೇಶಾಂಗ ನೀತಿಯ ಬಗ್ಗೆ ಏನು ಗೊತ್ತು?”

“ಏನೂ ಗೊತ್ತಿಲ್ಲ ಸರ್.”

“ಒಳ್ಳೆಯದು, ಹೇಳುವುದು ಸುಲಭ. ನಮ್ಮ ಆದ್ಯತೆ ಮೂರು. ಸಮುದ್ರ ಮೇಲೆ ಬರಬಾರದು. ಯಾರ ಜೊತೆಗೂ ಜಗಳ ಬೇಡ. ಕುಂಬಳಕಾಯಿ ಮಾರಬೇಕು.”

ಸತ್ಯಭಾಮಾಳಿಗೆ ಕ್ಷಣಾರ್ಧದಲ್ಲಿ ಎಲ್ಲ ತಿಳಿಯಿತು. ಅವಳು ಬೆಳೆದದ್ದು ವಠಾರದ ಕೊನೆಯ ಮನೆಯಲ್ಲಿ. ಮುಂದಿನ ದೊಡ್ಡ ಮನೆಗಳವರು ನಲ್ಲಿಗಾಗಿ ಕಿತ್ತಾಡಿಕೊಂಡರೆ ಅವಳಮ್ಮ ಇಬ್ಬರ ಮನೆಯ ಅರಿಶಿನ ಕುಂಕುಮಕ್ಕೂ ಹೋಗಿ, ಎರಡೂ ಕಡೆ ಅರ್ಧರ್ಧ ಲೋಟ ಕಾಫಿ ಕುಡಿದು, ನಗುತ್ತಾ ನೀರು ಹಿಡಿದು ಬರುತ್ತಿದ್ದಳು. ಸಿಮಿಯೋ ಮಾಡುತ್ತಿದ್ದುದೂ ಅದನ್ನೇ. ಪರಸ್ಪರ ಮುಖ ನೋಡದ ಎರಡು ದೊಡ್ಡ ದೇಶಗಳು ಒಂದೇ ಸಂಜೆ ಔತಣ ಇಟ್ಟರೆ ಇವರು ಒಂದರಲ್ಲಿ ಸೂಪು ಕುಡಿದು, ಟ್ಯಾಕ್ಸಿ ಹಿಡಿದು, ಇನ್ನೊಂದರಲ್ಲಿ ಐಸ್‌ಕ್ರೀಮಿಗೆ ಹಾಜರಾಗುತ್ತಿದ್ದರು.

ಮೊದಲೆರಡು ಆದ್ಯತೆಗಳು ಸತ್ಯಭಾಮಾಳ ಕೈಯಲ್ಲಿರಲಿಲ್ಲ. ಮೂರನೆಯದು ಇತ್ತು, ಅದೇ ಕೈಕೊಡುತ್ತಿತ್ತು. ಚಳಿಗಾಲದಲ್ಲಿ ಜಪಾನಿನ ಹೊಲ ಬರಿದಾದಾಗ ತಲುವಾದಲ್ಲಿ ಕುಂಬಳಕಾಯಿ ರಾಶಿ ಬೀಳುತ್ತದೆ. ವರ್ಷದ ಅತಿ ಚಿಕ್ಕ ಹಗಲಿನ ದಿನ, ಡಿಸೆಂಬರ್ ಕೊನೆಯಲ್ಲಿ, ಜಪಾನಿನವರು ಆರೋಗ್ಯಕ್ಕೆಂದು ಕುಂಬಳಕಾಯಿ ತಿನ್ನುವುದು ಸಂಪ್ರದಾಯ. ಇದಕ್ಕಿಂತ ಕೂಡಿ ಬಂದ ಜಾತಕ ಬೇಕೆ? ಆದರೆ ಖರೀದಿದಾರರು ಮೂರು ವರ್ಷದಿಂದ ಮಾದರಿ ತಿಂದು, ತಲೆಬಾಗಿ, “ಪರಿಶೀಲಿಸುತ್ತೇವೆ” ಎನ್ನುತ್ತಿದ್ದರು. ಜಪಾನಿನಲ್ಲಿ ಪರಿಶೀಲಿಸುತ್ತೇವೆ ಎಂದರೆ ಇಲ್ಲ ಎಂದು. ತಲುವಾದ ಕಾಯಿಗೆ ಸಿಹಿ ಸಾಲದಂತೆ.

ಅಕ್ಟೋಬರ್ ಕೊನೆಯಲ್ಲಿ ತಲುವಾದಿಂದ ಪತ್ರ ಬಂತು. ಈ ಋತುವಿನಲ್ಲಿ ಒಂದು ಕಂಟೇನರ್ ಆದರೂ ಮಾರದಿದ್ದರೆ ಟೋಕಿಯೋ ಕಚೇರಿ ಬಂದ್. ಸಿಮಿಯೋ ಪತ್ರವನ್ನು ಓದಿ, ಮೂಲೆಯ ಬಾವುಟ ನೋಡುತ್ತ ಕೂತರು. ಸತ್ಯಭಾಮಾ ತನ್ನ ಕಾರ್ಡಿನ ಡಬ್ಬಿ ನೋಡಿದಳು. ಇನ್ನೂ ಅರ್ಧ ಡಬ್ಬಿ ಇತ್ತು. ಮತ್ತೆ ಬರೀ ‘ಮನೆಯವರು’ ಆಗಲು ಅವಳು ತಯಾರಿರಲಿಲ್ಲ.

“ಸರ್, ಇವರೆಲ್ಲ ನಮ್ಮ ಕಾಯನ್ನು ಬೇಯಿಸಿ ಹಾಗೇ ತಿಂತಾರೆ. ಸಿಹಿ ಇಲ್ಲ ಅಂತಾರೆ. ಅದು ಹುಳಿಗೆ ಹೇಳಿ ಮಾಡಿಸಿದ ಕಾಯಿ. ಒಂದು ಊಟ ಹಾಕೋಣ, ನಾನು ಮಾಡ್ತೀನಿ,” ಎಂದಳು.

ನವೆಂಬರ್ ಮೊದಲ ವಾರ, ಶುಕ್ರವಾರ ಹನ್ನೆರಡಕ್ಕೆ ಕಿತಾಗಾವಾ-ಸಾನ್ ಬರುವುದೆಂದಾಯಿತು. ಕಿತಾಗಾವಾ-ಸಾನ್ ಎಂದರೆ ಒಂದು ದೊಡ್ಡ ತರಕಾರಿ ಸಗಟು ಕಂಪನಿಯ ಖರೀದಿ ಮುಖ್ಯಸ್ಥರು, ನೂರಾರು ಸೂಪರ್‌ಮಾರ್ಕೆಟ್ಟುಗಳಲ್ಲಿ ಏನಿರಬೇಕು ಏನಿರಬಾರದು ಎಂದು ತೀರ್ಮಾನಿಸುವವರು. ಸಣಕಲು ಮನುಷ್ಯ. ಅವರಿಗೆ ಇದ್ದದ್ದು ನಲವತ್ತು ನಿಮಿಷ.

ಅಂದು ಬೆಳಿಗ್ಗೆ ಉಮಾಶಂಕರ್ ರಜೆ ಹಾಕಿ, ಕುಕ್ಕರನ್ನು ಮಗುವಿನಂತೆ ಎದೆಗವಚಿಕೊಂಡು ಯೋಕೋಹಾಮಾದಿಂದ ರೈಲು ಹತ್ತಿದ. ಸತ್ಯಭಾಮಾಳ ಕೈಯಲ್ಲಿ ಹುಳಿಯ ಪಾತ್ರೆ, ಹೆಗಲಲ್ಲಿ ಪಲ್ಯ, ಗೊಜ್ಜು, ಟೋಕಿಯೋದ ಶಿನ್-ಓಕುಬೋ ಬಡಾವಣೆಯ ಭಾರತೀಯ ಅಂಗಡಿಯಿಂದ ತಂದ ಫ್ರೀಜರಿನ ಬಾಳೆ ಎಲೆ. ಇಂಗಿನ ಘಮಕ್ಕೆ ಆ ಕಿಕ್ಕಿರಿದ ರೈಲಿನಲ್ಲೂ ಅವರು ನಿಂತಿದ್ದ ಕಡೆ ಎರಡು ಸೀಟು ಖಾಲಿಯಾದವು. ಯಾರೂ ಒಂದು ಮಾತು ಆಡಲಿಲ್ಲ, ಬಹಳ ಮರ್ಯಾದಸ್ಥರು.

“ನೋಡು, ನಿನ್ನ ಹುಳಿಯಿಂದ ನಮಗೆ ಕೂರೋಕೆ ಜಾಗ ಸಿಕ್ತು,” ಎಂದ ಉಮಾಶಂಕರ್.

“ಅಲ್ಲಿ ಬಂದು ಹೀಗೆಲ್ಲ ಜೋಕ್ ಮಾಡ್ಬೇಡಿ. ಇದು ಆಫೀಶಿಯಲ್ ಲಂಚು.”

ಕಿತಾಗಾವಾ-ಸಾನ್ ಸರಿಯಾಗಿ ಹನ್ನೆರಡಕ್ಕೆ ಬಂದರು, ಎಲೆಯನ್ನು ಬೆರಗಿನಿಂದ ನೋಡಿ ಕೈ ಜೋಡಿಸಿದರು. ಸತ್ಯಭಾಮಾ ಅನ್ನದ ಮೇಲೆ ಒಂದು ಸೌಟು ಕುಂಬಳಕಾಯಿ ಹುಳಿ ಬಡಿಸಿದಳು. ಅವರು ಒಂದು ಅಗುಳೂ ಬಿಡದೆ ತಿಂದರು. ಎಲೆ ತೊಳೆದಿಟ್ಟಂತೆ ಹೊಳೆಯಿತು. ಸತ್ಯಭಾಮಾಳ ಎದೆ ಅರಳಿತು. ಇನ್ನೊಂದು ಸೌಟು ಬಿತ್ತು. ಅವರು ತಲೆಬಾಗಿ ಅದನ್ನೂ ತಿಂದರು. ಮೂರನೆಯದು ಬಿತ್ತು, ಪಕ್ಕಕ್ಕೆ ಪಲ್ಯವೂ ಬಿತ್ತು.

“ಮೆಚ್ಚಿಕೊಂಡಿದ್ದಾರೆ!” ಎಂದು ಸಿಮಿಯೋ ಪಿಸುಗುಟ್ಟಿದರು. ಅವರ ದ್ವೀಪದಲ್ಲೂ ಅತಿಥಿಯ ತಟ್ಟೆ ಖಾಲಿ ಇದ್ದರೆ ಮನೆಯವರಿಗೆ ಅವಮಾನ. ಆದ್ದರಿಂದ ಅವರೂ ಗೊಜ್ಜಿನ ಬಟ್ಟಲು ಮುಂದೆ ತಳ್ಳಿದರು.

ಐದನೆಯ ಸೌಟಿಗೆ ಕಿತಾಗಾವಾ-ಸಾನ್ ಟೈ ಸಡಿಲಿಸಿದರು. ಏಳಕ್ಕೆ ಹಣೆಯಲ್ಲಿ ಬೆವರೊಡೆಯಿತು. ಎಂಟಕ್ಕೆ ಮೇಜಿನ ಕೆಳಗೆ ಕೈಹಾಕಿ ಬೆಲ್ಟಿನ ಒಂದು ತೂತು ಬಿಟ್ಟರು. ಸತ್ಯಭಾಮಾ ಅದೊಂದನ್ನೂ ಗಮನಿಸಲಿಲ್ಲ, ಅವಳ ಕಣ್ಣು ಎಲೆಯ ಮೇಲೆಯೇ ಇತ್ತು. ಒಂಬತ್ತನೆಯದು ಬಡಿಸಿ ಹತ್ತಕ್ಕೆ ಸೌಟು ಅದ್ದುವಾಗ ಉಮಾಶಂಕರ್ ಅವಳ ಮೊಣಕೈ ಹಿಡಿದ.

“ಸಾಕು ನಿಲ್ಸೇ ಮಾರಾಯ್ತಿ.”

“ಎಲೆ ಖಾಲಿ ಇಟ್ಕೊಂಡು ಕೂತಿದ್ದಾರಲ್ರೀ, ಪಾಪ!”

“ಖಾಲಿ ಮಾಡೋದು ಅವರ ಮರ್ಯಾದೆ, ತುಂಬೋದು ನಿನ್ನ ಮರ್ಯಾದೆ. ನಿಮ್ಮಿಬ್ಬರ ಮರ್ಯಾದೆ ಮಧ್ಯೆ ಆ ಮನುಷ್ಯ ಸತ್ತೇ ಹೋಗ್ತಾನೆ!”

ಸತ್ಯಭಾಮಾ ಆಗ ಮೊದಲ ಬಾರಿಗೆ ಎಲೆ ಬಿಟ್ಟು ಅತಿಥಿಯ ಮುಖ ನೋಡಿದಳು. ಬಡಿಸಿದ್ದನ್ನು ಬಿಡುವುದು ಇಲ್ಲಿ ದೊಡ್ಡ ತಪ್ಪು ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹದಿನಾಲ್ಕು ವರ್ಷದ ಜಪಾನು ಅವಳ ತಲೆಗೆ ಹತ್ತಿತ್ತು, ಕೈಗೆ ಹತ್ತಿರಲಿಲ್ಲ. ಸೌಟು ಹಿಡಿದ ಕೈ ಇನ್ನೂ ಮೈಸೂರಿನಲ್ಲೇ ಇತ್ತು. ಹೋಯಿತು, ಕಚೇರಿ ಹೋಯಿತು, ಕಾರ್ಡು ಹೋಯಿತು, ಒಂದು ದೇಶದ ವಿದೇಶಾಂಗ ನೀತಿಯನ್ನೇ ಹುಳಿಯಲ್ಲಿ ಮುಳುಗಿಸಿದೆ ಎಂದುಕೊಂಡು ಅವಳು ಸೌಟು ಹಿಡಿದೇ ಸೊಂಟ ಮುರಿಯುವಷ್ಟು ಬಗ್ಗಿದಳು.

“ಕ್ಷಮಿಸಬೇಕು. ನಮ್ಮಲ್ಲಿ ಅತಿಥಿ ಎಲೆಗೆ ಅಡ್ಡ ಕೈ ಹಿಡಿದು ಸಾಕು ಅನ್ನುವ ತನಕ ಬಡಿಸುತ್ತೇವೆ,” ಎಂದಳು ಜಪಾನಿಯಲ್ಲಿ.

ಕಿತಾಗಾವಾ-ಸಾನ್ ನಿಧಾನವಾಗಿ ಉಸಿರು ಎಳೆದುಕೊಂಡರು. “ನಮ್ಮಲ್ಲಿ ಬಡಿಸುವವರು ನಿಲ್ಲಿಸುವ ತನಕ ತಿನ್ನುತ್ತೇವೆ.”

ಸತ್ಯಭಾಮಾ ಎರಡೂ ಮಾತನ್ನು ರಾಯಭಾರಿಗಳಿಗೆ ಅನುವಾದಿಸಿ ಹೇಳಿದಳು. ಆಮೇಲೆ ಸಿಮಿಯೋ ನಕ್ಕರು. ಅದು ಎಂಥ ನಗು ಎಂದರೆ ಮೂಲೆಯ ಬಾವುಟದ ಕೋಲು ಅಲ್ಲಾಡಿತು. ಉಮಾಶಂಕರ್ ಗೋಡೆಗೆ ಮುಖ ತಿರುಗಿಸಿ ನಕ್ಕ. ಕಿತಾಗಾವಾ-ಸಾನ್ ಕೂಡ ನಗಲು ಹೊರಟು, ಜಾಗವಿಲ್ಲದೆ ಹೊಟ್ಟೆ ಹಿಡಿದುಕೊಂಡರು.

ನಲವತ್ತು ನಿಮಿಷ ಎಂದೋ ಮುಗಿದಿತ್ತು. ಅವರು ಎದ್ದು ಹೋಗಬಹುದಿತ್ತು. ಏಳಲು ಪ್ರಯತ್ನಿಸಿದರು, ಆಗಲಿಲ್ಲ. ಮತ್ತೆ ಕೂತು, ಖಾಲಿ ಎಲೆಯನ್ನೇ ದಿಟ್ಟಿಸಿದರು.

“ಎಷ್ಟು ಸಲ ಬಡಿಸಿದಿರಿ?”

“ಒಂಬತ್ತು,” ಎಂದಳು ಸತ್ಯಭಾಮಾ, ನೆಲ ಬಾಯ್ಬಿಟ್ಟರೆ ಸಾಕೆಂಬಂತೆ.

“ಒಂಬತ್ತು.” ಅವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡರು. “ಇಪ್ಪತ್ತಾರು ವರ್ಷದಿಂದ ಕುಂಬಳಕಾಯಿ ಕೊಳ್ಳುತ್ತಿದ್ದೇನೆ. ಯಾವ ಕಾಯಿಯಾದರೂ ನಾಲ್ಕನೇ ತುಂಡಿಗೆ ನನಗೆ ಮುಖ ಕಟ್ಟುತ್ತದೆ. ಸಿಹಿ ಜಾಸ್ತಿ. ಇವತ್ತು ಹೊಟ್ಟೆ ಸಾಕು ಅಂದಿತು, ನಾಲಿಗೆ ಅನ್ನಲಿಲ್ಲ.” ಪುಸ್ತಕ ಮುಚ್ಚಿದರು. “ಇದನ್ನು ಸಿಹಿ ಕಾಯಿ ಅಂತ ಮಾರುವುದೇ ತಪ್ಪು. ಊಟದ ಕಾಯಿ ಅಂತ ಮಾರಬೇಕು. ಎರಡು ಕಂಟೇನರ್ ಕಳಿಸಿ. ಪ್ರತಿ ಕಾಯಿಯ ಮೇಲೂ ಈ ಹುಳಿಯ ವಿಧಾನ ಅಂಟಿಸಿ. ಒಂದು ಸೌಟಿಗೆ ನಿಲ್ಲಿಸಬೇಕು ಅಂತಲೂ ಬರೆಯಿರಿ.”

“ಪರಿಶೀಲಿಸುತ್ತೀರಾ?” ಎಂದು ಸತ್ಯಭಾಮಾ ಹೆದರುತ್ತ ಕೇಳಿದಳು.

“ಇಲ್ಲ. ಕೊಳ್ಳುತ್ತೇನೆ.”

ಅವರು ಲಿಫ್ಟಿಗೆ ಹೋಗುವಾಗ ಒಂದು ಕಡೆ ಸಿಮಿಯೋ, ಇನ್ನೊಂದು ಕಡೆ ಉಮಾಶಂಕರ್ ಹಿಡಿದುಕೊಂಡಿದ್ದರು. ಬಾಗಿಲು ಮುಚ್ಚಿದ್ದೇ ತಡ, ರಾಯಭಾರಿಗಳು ಸತ್ಯಭಾಮಾಳ ಸೌಟು ಕಸಿದುಕೊಂಡು, ಅದನ್ನು ಬಾವುಟದ ಪಕ್ಕ ನಿಲ್ಲಿಸಿ, ತಮ್ಮ ದೇಶದ ಕುಣಿತವನ್ನು ಕುಣಿದೇಬಿಟ್ಟರು. ಕೆಳಗಿನ ಡ್ರೈಕ್ಲೀನಿಂಗ್ ಅಂಗಡಿಯವನು ಭೂಕಂಪವೆಂದು ಹೊರಗೋಡಿ ಬಂದ.

ಡಿಸೆಂಬರಿನ ಆ ಚಿಕ್ಕ ಹಗಲಿನ ದಿನ ಗಂಡ ಹೆಂಡತಿ ಯೋಕೋಹಾಮಾದ ತಮ್ಮ ಸೂಪರ್‌ಮಾರ್ಕೆಟ್ಟಿಗೆ ಹಾಲು ತರಲು ಹೋದರು. ತರಕಾರಿಯ ಸಾಲಿನಲ್ಲಿ ಹಸಿರು ಕುಂಬಳಕಾಯಿಗಳ ಗುಡ್ಡೆ, ಒಂದೊಂದರ ಮೇಲೂ ತಲುವಾದ ಬಾವುಟ, ಬಾವುಟದ ಕೆಳಗೆ ಸತ್ಯಭಾಮಾಳ ಹುಳಿ. ಅವಳು ಹಾಲು ಮರೆತು ಅಲ್ಲೇ ನಿಂತಳು. ಕಣ್ಣು ತುಂಬಿ ಬಂತು, ಜೊತೆಗೆ ನಗುವೂ ಬಂತು.

ಒಬ್ಬ ಅಜ್ಜಿ ಕಾಯೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತ, “ತಲುವಾ? ಅದೆಲ್ಲಿದೆಯಮ್ಮ?” ಎಂದು ಕೇಳಿದರು.

ಸತ್ಯಭಾಮಾ ಬ್ಯಾಗಿನಿಂದ ಕಾರ್ಡು ತೆಗೆದು ಎರಡೂ ಕೈಯಲ್ಲಿ ಕೊಟ್ಟಳು. “ನಮ್ಮ ದೇಶ ಅದು. ಧಾರಾಳವಾಗಿ ತೆಗೆದುಕೊಳ್ಳಿ, ಬಹಳ ಚೆನ್ನಾಗಿರುತ್ತೆ.”

ಅಜ್ಜಿ ತಲೆಬಾಗಿ ಎರಡು ಕಾಯಿ ಬುಟ್ಟಿಗೆ ಹಾಕಿಕೊಂಡು ಹೋದರು.

“ಲೇ,” ಎಂದ ಉಮಾಶಂಕರ್ ಬಾಯಿ ಬಿಟ್ಟುಕೊಂಡು. “ಆ ದೇಶಾನ ನೀನು ಕಣ್ಣಲ್ಲೂ ನೋಡಿಲ್ಲ. ನಮ್ದು ಹೇಗಾಯ್ತೇ?”

“ಸುಮ್ನೆ ಹಾಲು ತಗೊಂಡು ಬನ್ನಿ. ನಾನು ಡ್ಯೂಟಿ ಮೇಲಿದ್ದೀನಿ,” ಎಂದಳು ಸತ್ಯಭಾಮಾ. ಗುಡ್ಡೆಯ ಇನ್ನೊಂದು ಪಕ್ಕಕ್ಕೆ ಮತ್ತೊಬ್ಬರು ಬಂದು ನಿಂತಿದ್ದರು, ಅವಳ ಕೈ ಆಗಲೇ ಕಾರ್ಡಿನ ಡಬ್ಬಿಯಲ್ಲಿತ್ತು.